ಗೋದಾವರಿ ದಂಡೆಯ ವಸಂತ ಮತ್ತು ‘ಹೊರಗಿನವರಾದ’ ನಾವು

ಫೆಬ್ರವರಿ ಮುಗಿಯುತ್ತಾ ಬಂದ ಹಾಗೆ ಹುಬ್ಬಳ್ಳಿಯಿಂದ ಒಂದು ಫೋನ್ ಬಂದೇ ಬರುತ್ತದೆ. "ಈ ಸಲ ಹೋಳಿಗೆ ಬರ್ತೀಯೇನೋ? ಹೋಗ್ಲಿ, ಯುಗಾದಿಗರೆ ಬಾ" ಅಂತಾನೆ ಅಣ್ಣ. ನಾನು "ನೋಡೋಣ" ಅಂತೀನಿ. ನಾನು ಹೋಗುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತು. ಫೋನಿಟ್ಟ ಮೇಲೆ ಅರ್ಧ ಗಂಟೆ ಬೇವಿನ ಹೂವು, ಉಣಕಲ್ ಕೆರೆಯ ದಂಡೆ, ಕಾಮಣ್ಣನ ಮುಂದಿನ ಹಲಗೆ ಸದ್ದು ಎಲ್ಲಾ ತಲೆಯಲ್ಲಿ ಸುತ್ತುತ್ತವೆ. "ಮತ್ತ ಊರಿಗೆ ಹೋದ್ರೇನ್ರಿ?" ಅಂತ ಹೆಂಡತಿ ಕೇಳಿದಾಗಲೇ ನಾನು ನಾಸಿಕ್ಕಿಗೆ ವಾಪಸ್ಸು!

ನಮ್ಮಂಥವರಿಗೆಲ್ಲ ಇದೊಂದು ರೋಗ ಅನ್ನಿಸುತ್ತದೆ. ದುಡಿಮೆ ಇಲ್ಲಿ, ಮನೆ ಸಾಲ ಇಲ್ಲಿ, ಮಕ್ಕಳ ಶಾಲೆ ಇಲ್ಲಿ. ಆದರೆ ಚಂದದ್ದು ಅಂತ ಏನಿದೆಯೋ ಅದೆಲ್ಲ ‘ನಮ್ಮೂರಲ್ಲಿ’. ನಾನು ಮಹಾರಾಷ್ಟ್ರಕ್ಕೆ ಬಂದದ್ದು 1989ರಲ್ಲಿ. ಮೊದಲ ಎಂಟು ವರ್ಷ ಔರಂಗಾಬಾದಿನ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ, 1997ರಿಂದ ಇಲ್ಲಿ ನಾಸಿಕ್‌ನ ಅಂಬಡ್‌ನಲ್ಲಿ. ಔರಂಗಾಬಾದಿಗೆ 2023ರಲ್ಲಿ ಛತ್ರಪತಿ ಸಂಭಾಜಿನಗರ ಅಂತ ಹೆಸರಾಯಿತು, ನನ್ನ ಬಾಯಿಗೆ ಮಾತ್ರ ಹಳೆಯದೇ ಮೊದಲು ಬರುತ್ತದೆ. ಇರಲಿ.

ಅಲ್ಲಿಗೆ ಹೋದ ಮೊದಲ ವಾರದ ಕಥೆ ಹೇಳಬೇಕು. ಸೆಂಟ್ರಲ್ ಬಸ್ ಸ್ಟ್ಯಾಂಡಿನಲ್ಲಿ ಒಂದು ಕೆಂಪು ಬಸ್ಸು, ಬೋರ್ಡಿನ ಮೇಲೆ ಮರಾಠಿಯಲ್ಲಿ ‘ಕನ್ನಡ’ ಅಂತ ಬರೆದಿತ್ತು! ಎದೆ ಧಸಕ್ಕೆಂದಿತು. ಕಂಡಕ್ಟರನ್ನು ಕೇಳಿದರೆ, ಅದು ಚಾಳೀಸಗಾಂವ್ ರಸ್ತೆಯಲ್ಲಿರುವ ಒಂದು ತಾಲೂಕಿನ ಹೆಸರು ಅಂದ. ಈಗಲೂ ಆ ತಾಲೂಕು ಇದೆ, ಆ ಬಸ್ಸೂ ಇದೆ. ನನಗೆ ಆವತ್ತು ನಗು ಬಂತು, ಆಮೇಲೆ ಸಣ್ಣಗೆ ಅಳುವೂ ಬಂತು. ಊರು ನೆನಪಾಗಿತ್ತು, ಅಷ್ಟೇ.

ಆ ಎಂಟು ವರ್ಷದಲ್ಲಿ ನಾನು ಕಂಡ ವಸಂತವೆಷ್ಟು ಅಂದರೆ ಬಹಳ ಕಮ್ಮಿ. ದಿಲ್ಲಿ ಗೇಟಿನ ಹತ್ತಿರ ಹಿಮಾಯತ್ ಬಾಗ್ ಇದೆ, ಮೊಗಲರ ಕಾಲದ ತೋಟ. ಮಾವು ಹೂ ಬಿಟ್ಟಾಗ ಬೆಳಗಿನ ಹೊತ್ತು ಒಳಗೆ ಕಾಲಿಟ್ಟರೆ ಸಾಕು, ವಾಸನೆಗೆ ತಲೆ ತಿರುಗುತ್ತದೆ. ಅಲ್ಲೇ ಹತ್ತಿರದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿಟ್ಟ ಸರೋವರ. ಇನ್ನೊಂದು ಕಡೆ ಬೀಬಿ ಕಾ ಮಕ್ಬರಾ, ಔರಂಗಜೇಬನ ಹೆಂಡತಿ ದಿಲ್ರಸ್ ಬಾನುವಿನ ಸಮಾಧಿ, ಅದರ ಹಿಂದೆ ಗುಡ್ಡಸಾಲು. ನಾನು ಭಾನುವಾರಗಳನ್ನು ಏನು ಮಾಡುತ್ತಿದ್ದೆ? ಬಟ್ಟೆ ಒಗೆಯುವುದು, ನಿದ್ದೆ, ಊರಿಗೊಂದು ಪತ್ರ. ವೇರೂಳಿಗೆ, ಅಂದರೆ ಎಲ್ಲೋರಾಕ್ಕೆ, ಊರಿಂದ ನೆಂಟರು ಬಂದಾಗ ಮಾತ್ರ ಹೋಗುತ್ತಿದ್ದೆ. ಕೈಲಾಸ ದೇವಾಲಯದ ಮುಂದೆ ನಿಂತು "ಇದು ನಮ್ಮ ರಾಷ್ಟ್ರಕೂಟರ ಕೃಷ್ಣ ಕಡೆಸಿದ್ದು" ಅಂತ ಎದೆಯುಬ್ಬಿಸಿ ಹೇಳಿ ಬಂದುಬಿಡುತ್ತಿದ್ದೆ. ಎಂಟನೇ ಶತಮಾನದ ಗುಡಿ ನಮ್ಮದು, ಆದರೆ ಅದರ ಪಕ್ಕದಲ್ಲೇ ಮೈತುಂಬ ಕೆಂಪಗೆ ಹೂಬಿಟ್ಟ ಮುತ್ತುಗದ ಮರ ಬೇರೆಯವರದ್ದು! ಇದು ಎಂಥಾ ಲೆಕ್ಕ ಅಂತ ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ನಾಸಿಕ್ ನನ್ನನ್ನು ಸ್ವಲ್ಪ ಸ್ವಲ್ಪವಾಗಿ ಮನೆಯಿಂದ ಹೊರಗೆಳೆಯಿತು. ಮೊದಲ ಕಾರಣ ಸಕ್ಕರೆ ಕಾಯಿಲೆ. ಡಾಕ್ಟರು ನಡೆಯಿರಿ ಅಂದರು. ಗಾಲ್ಫ್ ಕ್ಲಬ್ ಮೈದಾನಕ್ಕೆ ಹೋಗತೊಡಗಿದೆ. ಅಧಿಕೃತ ಹೆಸರು ಹುತಾತ್ಮ ಅನಂತ ಕಾನ್ಹೇರೆ ಮೈದಾನ. ಅಲ್ಲಿ ಯಾರೂ ಗಾಲ್ಫ್ ಆಡಿದ್ದನ್ನು ನಾನು ಕಂಡಿಲ್ಲ, ಕ್ರಿಕೆಟ್ಟು ಮಾತ್ರ ಧಾರಾಳ. ಮುಂಜಾನೆ ಆರಕ್ಕೆ ಹೋದರೆ ಇಡೀ ಊರೇ ಸಿಗುತ್ತದೆ. ನಿವೃತ್ತ ಮೇಷ್ಟ್ರು, ತರಕಾರಿ ವ್ಯಾಪಾರಿ, ಪೊಲೀಸ್ ಭರ್ತಿಗೆ ಓಡುವ ಹುಡುಗಿಯರು, ನನ್ನ ಹಾಗೆ ಹೊಟ್ಟೆ ಹೊತ್ತು ಏದುಸಿರು ಬಿಡುವವರು. ನನ್ನ ಹರಕು ಮರಾಠಿ ಸರಿಹೋದದ್ದು ಅಲ್ಲೇ.

ಆಮೇಲೆ ರಹಾಡ್. ಇದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ನಾಸಿಕ್‌ನ ಹಳೇ ಪೇಟೆಯಲ್ಲಿ ಪೇಶ್ವೆಗಳ ಕಾಲದ ಕಲ್ಲಿನ ಹೊಂಡಗಳಿವೆ. ವರ್ಷವಿಡೀ ಮರದ ತೊಲೆ ಹಾಸಿ ಮಣ್ಣು ಮುಚ್ಚಿರುತ್ತಾರೆ, ಮೇಲೆ ಜನ, ಸ್ಕೂಟರು ಓಡಾಡುತ್ತಿರುತ್ತವೆ. ರಂಗಪಂಚಮಿ ಹತ್ತಿರ ಬಂದಾಗ ಅಗೆದು ತೆಗೆದು, ಪೂಜೆ ಮಾಡಿ, ಬಣ್ಣದ ನೀರು ತುಂಬುತ್ತಾರೆ. ಒಂದೊಂದು ರಹಾಡಿಗೆ ಒಂದೊಂದು ಬಣ್ಣ. ಆಮೇಲೆ ಧುಮುಕುವುದೇ ಧುಮುಕುವುದು! ನಮ್ಮ ಹುಬ್ಬಳ್ಳಿಯಲ್ಲೂ ಬಣ್ಣ ಆಡುವುದು ರಂಗಪಂಚಮಿಗೇ. ಆದರೂ ನಾನು ಆರೇಳು ವರ್ಷ ಗಟಾರದ ಕಟ್ಟೆ ಮೇಲೆ ನಿಂತು ನೋಡಿ ಬಂದೆ. ಒಂದು ವರ್ಷ ಯಾರೋ ಹುಡುಗರು "ಕಾಕಾ, ಚಲಾ" ಅಂತ ಕೈ ಹಿಡಿದು ಎಳೆದೇಬಿಟ್ಟರು. ಮೇಲೆದ್ದಾಗ ಕಿವಿ, ಮೂಗು, ಜೇಬಿನ ಹತ್ತು ರೂಪಾಯಿ ನೋಟು ಎಲ್ಲ ಒಂದೇ ಬಣ್ಣ. ಅವತ್ತು ಹುಬ್ಬಳ್ಳಿ ನೆನಪಾಗಲಿಲ್ಲ ಅಂತ ಗೊತ್ತಾದದ್ದು ರಾತ್ರಿ ಮಲಗುವಾಗ.

ಮಧ್ಯಮ ಗಾತ್ರದ ಊರಿನ ಸುಖವೇ ಇದು. ಅರ್ಧ ಗಂಟೆ ಸ್ಕೂಟರ್ ಓಡಿಸಿದರೆ ಊರು ಮುಗಿದು ದ್ರಾಕ್ಷಿ ತೋಟ ಶುರು. ಸೋಮೇಶ್ವರದಲ್ಲಿ ಬಂಡೆಯ ಮೇಲೆ ಕೂತು ಅವಲಕ್ಕಿ ತಿನ್ನಬಹುದು, ಪಾಂಡವಲೇಣಿ ಮೆಟ್ಟಿಲು ಹತ್ತಿ ಊರು ನೋಡಬಹುದು. ಇನ್ನೂ ಸ್ವಲ್ಪ ದೂರ ನಿಫಾಡ್ ಕಡೆ ಹೋದರೆ ನಾಂದೂರ ಮಧ್ಯಮೇಶ್ವರ, 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವೆಂದು ಸೇರಿದ್ದು. ಚಳಿಗಾಲಕ್ಕೆ ಬಂದ ಹಕ್ಕಿಗಳು ಬಿಸಿಲೇರುತ್ತಿದ್ದ ಹಾಗೆ ಹೊರಟುಬಿಡುತ್ತವೆ. ಅವೂ ವಲಸಿಗರು, ನಾವೂ ವಲಸಿಗರು. ನಾವು ಮಾತ್ರ ‘ಹೊರಡ್ತೀವಿ, ಹೊರಡ್ತೀವಿ’ ಅಂತ ಮೂವತ್ತು ವರ್ಷ ಕೂತವರು. ಬೆಂಗಳೂರಲ್ಲಿರುವ ನನ್ನ ಷಡ್ಡಕ ಲಾಲ್‌ಬಾಗಿಗೆ ಹೋಗಲು ಟ್ರಾಫಿಕ್ಕಿನ ಲೆಕ್ಕ ಹಾಕುತ್ತಾನೆ. ನಮಗೆ ಆ ಕಷ್ಟವಿಲ್ಲ. ಇದ್ದದ್ದನ್ನು ಅನುಭವಿಸಲಿಕ್ಕೆ ಮನಸ್ಸಷ್ಟೇ ಬೇಕು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. 2025ರ ಕೊನೆಯಲ್ಲಿ, 2027ರ ಕುಂಭಮೇಳದ ಸಾಧುಗ್ರಾಮಕ್ಕಾಗಿ ತಪೋವನದ ಸಾವಿರಕ್ಕೂ ಹೆಚ್ಚು ಮರಗಳಿಗೆ ಕುತ್ತು ಬಂತು. ತಪೋವನ ಅಂದರೆ ಪಂಚವಟಿಯ ಆಚೆ, ಕಪಿಲಾ ನದಿ ಗೋದಾವರಿಯನ್ನು ಸೇರುವ ಜಾಗ. ಜನ ಎದ್ದರು, ಮರ ತಬ್ಬಿ ನಿಂತರು, ನಟ ಸಯಾಜಿ ಶಿಂದೆ ಬಂದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕುಂಭಕ್ಕೆ ಬರುವ ಸಾಧುಗಳಿಗೂ ಜಾಗ ಬೇಕು, ಅದನ್ನು ಅಲ್ಲಗಳೆಯುವವನು ನಾನಲ್ಲ. ಜಾಗ ಮಾಡಬೇಕೆಂದಾಗ ಮೊದಲು ಮರದ ಕಡೆಗೇ ಕಣ್ಣು ಹೋಗುವುದು ಮಾತ್ರ ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಆದರೆ ಈ ಅಭಿಪ್ರಾಯವನ್ನು ನಾನು ಎಲ್ಲಿ ಹೇಳಿದೆ? ಎಲ್ಲೂ ಇಲ್ಲ. ವಾಕಿಂಗಿನ ಗೆಳೆಯರೊಬ್ಬರು "ಭಾನುವಾರ ತಪೋವನಕ್ಕೆ ಹೋಗೋಣ ಬನ್ನಿ" ಅಂದಾಗ "ನಾವು ಹೊರಗಿನವರು, ಇದರಲ್ಲಿ ನಮ್ಮದೇನು" ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಇಷ್ಟು ವರ್ಷ ನೆರಳಲ್ಲಿ ಕೂತಾಗ ಹೊರಗಿನವರು ಅನ್ನಿಸಲಿಲ್ವಾ ಕಾಕಾ?" ಅಂತ ಕೇಳಿ ಮುಂದೆ ನಡೆದರು. ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಘೋಷಣೆ ಕೂಗಲಿಲ್ಲ, ಹಿಂದೆ ನಿಂತಿದ್ದೆ. ಆದರೂ ಹೋಗಿದ್ದೆ.

ನಮ್ಮ ಜನಕ್ಕೆ ನಾನು ಹೇಳುವುದು ಇಷ್ಟೇ. ಕವಿರಾಜಮಾರ್ಗ ನಮ್ಮ ನಾಡಿನ ಗಡಿಯನ್ನು ಗೋದಾವರಿಯವರೆಗೂ ಎಳೆದಿದೆ ಅಂತ ಸಂಘದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಭಾಷಣ ಮಾಡುತ್ತೇವೆ. ಸಾವಿರದ ನೂರು ವರ್ಷದ ಹಿಂದಿನ ಆ ಗಡಿ ಈಗ ನಮಗೆ ಬೇಡ. ಗೋದಾವರಿ ದಂಡೆಯ ಮರ, ಮೈದಾನ, ಬಯಲು ಬೇಕು. ಅವನ್ನು ಬಳಸದವನಿಗೆ ಅವು ಕಳೆದುಹೋದದ್ದೂ ತಿಳಿಯುವುದಿಲ್ಲ. ಬಳಸಿದವನು ಸುಮ್ಮನಿರುವುದು ಹೇಗೆ? ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಊರಿಗೆ ಕಳಿಸಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮುಂಚೆ ಇಲ್ಲಿಯ ಒಂದು ಮರದ ಹೆಸರನ್ನಾದರೂ ಅವರಿಗೆ ಹೇಳಿಕೊಡಿ. ಅವರ ‘ನಮ್ಮೂರು’ ಇದೇ ತಾನೇ?

ಈ ಸಲವೂ ಅಣ್ಣನ ಫೋನ್ ಬರುತ್ತದೆ. "ನೋಡೋಣ" ಅನ್ನುವ ಬದಲು "ನೀನೇ ಬಾರೋ, ರಂಗಪಂಚಮಿಗೆ ಇಲ್ಲಿ ಹೊಂಡ ತೆಗೀತಾರ" ಅನ್ನಬೇಕು ಅಂತಿದ್ದೇನೆ. ಅಲ್ಲಿಂದ ಹತ್ತು ದಿನಕ್ಕೆ ಯುಗಾದಿ, ಇವರ ಗುಡಿಪಾಡ್ವಾ. ಬೇವು ಗೇಟಿನ ಪಕ್ಕದಲ್ಲೇ ಇದೆ. ಬೆಲ್ಲ ಮಾತ್ರ ಅವನೇ ತರಲಿ.