ಮನೆವಾರ್ತೆ: ಗಣಕಯಂತ್ರಕ್ಕೆ ಎಂತಹ ನೀರು?

ವಿದ್ಯುದ್ಯಂತ್ರದ ಬಳಿಗೆ ನೀರನ್ನು ಕೊಂಡೊಯ್ಯಬೇಡಿರೆಂದು ಮಕ್ಕಳಿಗೆ ಬುದ್ಧಿ ಹೇಳುತ್ತ ಬಂದವರು ನಾವು. ಈಗ ಅದೇ ಮಕ್ಕಳು ಬೆಳೆದು, ತಾವೇ ಜೋಡಿಸುವ ಕಂಪ್ಯೂಟರಿನೊಳಗೆ ನೀರನ್ನು ಹರಿಸುವೆವೆಂದು ಹೊರಟರೆ ಹಿರಿಯರು ಗಾಬರಿಗೊಳ್ಳುವುದು ಸಹಜವೇ. ಆದರೆ ಇದು ಹುಚ್ಚು ಸಾಹಸವಲ್ಲ. ಗಣಕದ ಮುಖ್ಯ ಚಿಪ್ಪು ಕೆಲಸದ ಭರದಲ್ಲಿ ಬಹಳ ಕಾಯುವುದು. ಅದರ ಮೇಲೆ ವಾಟರ್ ಬ್ಲಾಕ್ ಎಂಬ ತಾಮ್ರದ ಪೊಳ್ಳು ಗಟ್ಟಿಯನ್ನು ಕೂರಿಸಿ, ಸಣ್ಣ ಪಂಪಿನಿಂದ ನೀರು ಹರಿಸಿದರೆ, ನೀರು ಆ ಉಷ್ಣವನ್ನು ಹೊತ್ತು ರೇಡಿಯೇಟರಿಗೆ ಒಯ್ದು ಗಾಳಿಗೆ ಒಪ್ಪಿಸುವುದು. ಇನ್ನುಳಿದುದು, ಯಾವ ದ್ರವವನ್ನು ತುಂಬಬೇಕೆಂಬ ಪ್ರಶ್ನೆ.

ನಲ್ಲಿಯ ನೀರು ಸಲ್ಲದು. ಸ್ನಾನದ ಹಂಡೆಯ ಒಳಮೈಗೆ ಹತ್ತುವ ಬಿಳಿಯ ಗಟ್ಟನ್ನು ಕಾಣದ ಗೃಹಿಣಿಯುಂಟೆ? ಬ್ಲಾಕಿನ ಕಿರಿದಾದ ಸಂದುಗಳಲ್ಲಿಯೂ ಅಂತಹುದೇ ಕಟ್ಟಿಕೊಂಡರೆ ಹರಿವು ಕುಂದುವುದು. ಬಟ್ಟಿಯಿಳಿಸಿದ ನೀರೇ ಉತ್ತಮ. ಅದರೊಡನೆ ಪಾಚಿ ಬೆಳೆಯದಂತೆ ಜೀವಿನಾಶಕವೂ, ಲೋಹ ಸವೆಯದಂತೆ ಕಾಪಾಡುವ ಔಷಧವೂ ಇರಬೇಕು. ಇವೆಲ್ಲವೂ ಅಳತೆಯಲ್ಲಿ ಬೆರೆತ, ಕಂಪ್ಯೂಟರಿಗೆಂದೇ ತಯಾರಿಸಿದ ಸಿದ್ಧ ದ್ರವವು ಹೊಸಬರಿಗೆ ಕ್ಷೇಮಕರ.

ಲೋಹಗಳ ಹೊಂದಾಣಿಕೆಯನ್ನೂ ನೋಡತಕ್ಕದ್ದು. ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪ ಇವು ಕೂಡಿ ಬಾಳುವುವು. ತಾಮ್ರದೊಡನೆ ಅಲ್ಯೂಮಿನಿಯಂ ಸೇರಿದರೆ, ನಡುವಣ ದ್ರವದ ಮೂಲಕ ಅವು ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಕರಗತೊಡಗುವುದು. ಆದಕಾರಣ ಬಿಡಿಭಾಗಗಳನ್ನು ಕೊಳ್ಳುವಾಗಲೇ ವಿಚಾರಿಸಿಕೊಳ್ಳಬೇಕು.

ಅಂಗಡಿಯಲ್ಲಿ ಹಾಲಿನಂತೆ ಮಿನುಗುವ ಬಣ್ಣಬಣ್ಣದ ದ್ರವಗಳೂ ಉಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ, ಅವುಗಳಲ್ಲಿ ತೇಲುವ ನುಣ್ಣನೆಯ ಕಣಗಳು ಕಾಲಕ್ರಮದಲ್ಲಿ ಸಂದುಗಳಲ್ಲಿ ತಂಗಬಹುದು. ಮೊದಲನೆಯ ಯಂತ್ರಕ್ಕೆ ತಿಳಿಯಾದ ದ್ರವವೇ ಸಾಕು.

‘ವಿದ್ಯುತ್ತು ಹರಿಯದ ದ್ರವ’ ಎಂಬ ಚೀಟಿಯನ್ನು ನಂಬಿ ಮೈಮರೆಯಬಾರದು. 1985ರ ಕ್ರೇ-2 ಎಂಬ ಮಹಾಗಣಕವನ್ನು ಫ್ಲೂರಿನರ್ಟ್ ಎಂಬ ವಿದ್ಯುದ್ವಾಹಕವಲ್ಲದ ದ್ರವದಲ್ಲಿಯೇ ಮುಳುಗಿಸಿಟ್ಟಿದ್ದುದು ನಿಜ. ಆದರೆ ಅದು ಬೇರೆ ಜಾತಿಯ ದ್ರವ. ನೀರಿನ ಮಿಶ್ರಣವಾದರೋ, ಲೋಹಗಳ ಮೇಲೆ ಹರಿಯುತ್ತ ಅವುಗಳ ಅಂಶವನ್ನು ಹೀರಿ ವಿದ್ಯುದ್ವಾಹಕವಾಗುತ್ತ ಹೋಗುವುದು. ಸೋರದಂತೆ ನೋಡಿಕೊಳ್ಳುವುದೇ ನಿಜವಾದ ರಕ್ಷೆ. ಮೊದಲ ಸಲ ತುಂಬಿದಾಗ ಉಳಿದ ಭಾಗಗಳಿಗೆ ವಿದ್ಯುತ್ತು ಕೊಡದೆ, ಪಂಪನ್ನು ಮಾತ್ರ 24 ಗಂಟೆ ನಡೆಸಿ, ಸಂದುಗಳ ಕೆಳಗೆ ಕಾಗದ ಹಾಸಿ ತೇವವನ್ನು ಪರೀಕ್ಷಿಸಬೇಕು.

ಯಂತ್ರ ಕೆಟ್ಟರೆ ಹಣ ಹೋಯಿತು, ಮತ್ತೊಂದನ್ನು ತರಬಹುದು. ಅದಕ್ಕಿಂತ ದೊಡ್ಡ ಎಚ್ಚರಿಕೆಯೊಂದುಂಟು. ಮೋಟಾರು ಗಾಡಿಗೆ ತಂದು ಉಳಿದ ಕೂಲೆಂಟನ್ನೇ ಇದಕ್ಕೂ ಸುರಿಯೋಣವೆಂದು ತೋರುವುದು ಸಹಜ. ಅದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುವುದು. ಅದು ನೀರು ಹೆಪ್ಪುಗಟ್ಟದಂತೆ ತಡೆಯುವುದು. ಆದರೆ ನಮ್ಮ ಕೊಠಡಿಗಳಲ್ಲಿ ಅಂತಹ ಚಳಿಯೆಲ್ಲಿ? ಉಷ್ಣವನ್ನು ಹೊರುವುದರಲ್ಲಿಯೂ ಅದು ನೀರಿಗೆ ಸಾಟಿಯಲ್ಲ: 1 ಕಿಲೋಗ್ರಾಂ ನೀರು 1 ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 4,200 ಜೂಲ್ ಉಷ್ಣವನ್ನು ಹೀರಿದರೆ, ಅದು ಹೀರುವುದು ಸುಮಾರು 2,400 ಮಾತ್ರ. ಎಲ್ಲಕ್ಕಿಂತ ಮಿಗಿಲಾಗಿ ಅದು ವಿಷ, ಅದೂ ಸಿಹಿಯಾದ ವಿಷ! ಮಗುವಾಗಲಿ ನಾಯಿಯಾಗಲಿ ಅದನ್ನು ನೆಕ್ಕಲು ಹಿಂಜರಿಯದು. ಕುಡಿದವರು ಮೊದಲು ಅಮಲೇರಿದಂತೆ ಕಾಣುವರು. ಅನಂತರ ಮೂತ್ರಪಿಂಡಗಳು ಕೆಡುವುವು. ಅಂತಹ ಸಂಶಯ ಬಂದರೆ ಲಕ್ಷಣಗಳಿಗಾಗಿ ಕಾಯದೆ, ಸೀಸೆಯ ಸಮೇತ ಆಸ್ಪತ್ರೆಗೆ ಧಾವಿಸಬೇಕು. ಗ್ಲೈಕಾಲ್ ಇರುವ ದ್ರವವನ್ನೇ ಕೊಳ್ಳಬೇಕಾದರೆ ಪ್ರೊಪಿಲೀನ್ ಗ್ಲೈಕಾಲಿನದು ಎಷ್ಟೋ ಮೇಲು. ಆದರೂ ಜೀವಿನಾಶಕ ಬೆರೆತ ಯಾವ ದ್ರವವೂ ಬಾಯಿಗೆ ತಕ್ಕುದಲ್ಲ.

ಆದುದರಿಂದ ಕೊಳ್ಳುವ ಮುನ್ನ ಚೀಟಿಯನ್ನು ಓದಿರಿ. ಮಿಕ್ಕ ದ್ರವವನ್ನು ಪಾನಕದ ಸೀಸೆಗೆ ಬಗ್ಗಿಸದೆ, ಮೂಲ ಸೀಸೆಯಲ್ಲಿಯೇ ಬೀಗದೊಳಗಿಡಿರಿ. ಚಿಪ್ಪು ತಂಪಾಗಿರಲೆಂದು ಪಡುವ ಶ್ರಮದಲ್ಲಿ ಮನೆಯ ಕೂಸಿನ ಕ್ಷೇಮವನ್ನು ಮರೆಯಲಾಗದು.