ಕಾಫಿ ಹೋಟ್ಲಿನ ಬೆಂಚು ಯಾರದು?

 

ನಮ್ಮ ತಾಂಡವಪುರದಲ್ಲಿ ಎಲ್ಲರಿಗೂ ಇಷ್ಟವಾದ ಜಾಗ ಯಾವುದು ಎಂದು ಕೇಳಿದರೆ ಕೆಲವರು ದೇವಸ್ಥಾನ ಅಂತಾರೆ, ಕೆಲವರು ಅರಳಿಕಟ್ಟೆ ಅಂತಾರೆ, ನಮ್ಮ ಕ್ಲಾಸಿನ ಹುಡುಗರು ಕ್ರಿಕೆಟ್ ಆಡುವ ಬಯಲು ಅಂತಾರೆ. ಆದರೆ ಬೆಳಿಗ್ಗೆ ಆರು ಗಂಟೆಗೆ ಜನ ಎಲ್ಲಿ ಸೇರುತ್ತಾರೆ ಅಂತ ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಅದು ಕಾಫಿ ಹೋಟ್ಲು! ಹೋಟ್ಲು ಅಂದರೆ ಮೈಸೂರಿನ ದೊಡ್ಡ ಹೋಟೆಲ್ ಅಲ್ಲ. ಶೀಟಿನ ಮಾಡು, ಒಂದು ಒಲೆ, ಗಾಜಿನ ಡಬ್ಬಿಯಲ್ಲಿ ಬನ್ನು, ಎರಡು ಮೂರು ಮರದ ಬೆಂಚು, ಇಷ್ಟೇ. ಇಷ್ಟಿದ್ದರೂ ಅದು ಯಾಕೆ ಎಲ್ಲರಿಗೂ ಇಷ್ಟ? ನಿಜವಾಗಿಯೂ ಎಲ್ಲರಿಗೂ ಇಷ್ಟವಾ? ಈ ಎರಡು ಪ್ರಶ್ನೆಗಳ ಬಗ್ಗೆ ನನ್ನ ಅನಿಸಿಕೆ ಬರೆಯುತ್ತಿದ್ದೇನೆ.

ಕಾಫಿ ರುಚಿಯಾಗಿರುತ್ತದೆ, ಅದಕ್ಕೇ ಹೋಗುತ್ತಾರೆ ಎಂದು ನೀವು ಹೇಳಬಹುದು. ಅದು ಸ್ವಲ್ಪ ಮಟ್ಟಿಗೆ ನಿಜ. ಕಾಫಿಗೂ ನಮ್ಮ ನಾಡಿಗೂ ಹಳೆಯ ನಂಟು. ಬಾಬಾ ಬುಡನ್ ಎಂಬ ಸಂತರು ಮೆಕ್ಕಾ ಯಾತ್ರೆಯಿಂದ ಬರುವಾಗ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರು ಎಂದು ಹೇಳುತ್ತಾರೆ. ಈಗ ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದೇ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಬೆಳೆಯುತ್ತಾರೆ. ಹೋಟ್ಲಿನವರು ಕಾಫಿಪುಡಿಗೆ ಚಿಕೋರಿ ಬೆರೆಸುತ್ತಾರೆ. ಚಿಕೋರಿ ಅಂದರೆ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಅದರಿಂದ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಗೆ ಬರುತ್ತದೆ. ಆಮೇಲೆ ಹಾಲು, ಸಕ್ಕರೆ ಹಾಕಿ ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತಿ ಹೊಯ್ದರೆ ನೊರೆ ಬರುತ್ತದೆ. ಅದರ ವಾಸನೆ ರಸ್ತೆವರೆಗೂ ಬರುತ್ತೆ.

ಆದರೆ ಕಾಫಿ ಒಂದೇ ಕಾರಣ ಆಗಿದ್ದರೆ ಮನೆಯಲ್ಲೇ ಕುಡಿಯಬಹುದಿತ್ತಲ್ಲ? ನಮ್ಮ ನಂಜನಗೂಡಿನಲ್ಲೇ ನೆಸ್ಲೆ ಕಾರ್ಖಾನೆ ಇದೆ. 1989ರಲ್ಲಿ ಶುರುವಾಯಿತು. ಅಲ್ಲಿ ಬಿಸಿ ಹಾಲಿಗೆ ಹಾಕಿ ಕಲಸಿದರೆ ಸಾಕು ಎನ್ನುವ ಕಾಫಿಪುಡಿ ತಯಾರಾಗುತ್ತದೆ. ಆ ಪುಡಿಯ ಚಿಕ್ಕ ಪೊಟ್ಟಣ ಅಂಗಡಿಯಲ್ಲಿ ನೇತು ಹಾಕಿರುತ್ತಾರೆ. ಸೋಸುವುದೂ ಬೇಡ, ಕಾಯುವುದೂ ಬೇಡ. ಹಾಗಿದ್ದರೂ ನಮ್ಮ ಅಪ್ಪ, ದೊಡ್ಡಪ್ಪ ಎಲ್ಲಾ ಮನೆಯಲ್ಲಿ ಒಂದು ಲೋಟ ಕುಡಿದು, ಮತ್ತೆ ಹೋಟ್ಲಿಗೆ ಹೋಗಿ ಬೈಟೂ ಕಾಫಿ ಹೇಳುತ್ತಾರೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದೇ ಬೈಟೂ. ಅರ್ಧ ಲೋಟ ಕಾಫಿಗೆ ಅರ್ಧ ಗಂಟೆ ಕೂರುತ್ತಾರೆ. ಆದ್ದರಿಂದ ಅವರು ಹೋಗುವುದು ಕಾಫಿಗಲ್ಲ, ಬೆಂಚಿಗೆ ಎಂದು ನನ್ನ ಅಭಿಪ್ರಾಯ.

ಆ ಬೆಂಚಿನಲ್ಲಿ ಏನೇನು ಸಿಗುತ್ತದೆ ಎಂದು ನಾನು ಒಂದು ವಾರ ಗಮನಿಸಿದೆ. ಹಾಲು ಡೈರಿಗೆ ಹಾಕಿ ಬಂದವರು ಅಲ್ಲಿ ಕೂರುತ್ತಾರೆ. ಒಬ್ಬರು ಪೇಪರ್ ಜೋರಾಗಿ ಓದುತ್ತಾರೆ, ಓದಲು ಬಾರದವರು ಕೇಳುತ್ತಾರೆ. ಮೈಸೂರು ಕಡೆ ರೈಲು ಬಂತಾ, ಚಾಮರಾಜನಗರದ ರೈಲು ಎಷ್ಟು ಲೇಟು ಎಂದು ಅಲ್ಲೇ ಗೊತ್ತಾಗುತ್ತದೆ. ನಾಳೆ ಯಾರ ಗದ್ದೆಯಲ್ಲಿ ಕೆಲಸ, ಕೂಲಿ ಎಷ್ಟು, ಯಾವ ಕಾರ್ಖಾನೆಗೆ ಆಳು ಬೇಕಂತೆ, ಬಾಳೆಗೊನೆಗೆ ಏನು ರೇಟು, ಪಂಚಾಯ್ತಿಯಲ್ಲಿ ಯಾವ ಅರ್ಜಿ ತೆಗೆದುಕೊಳ್ಳುತ್ತಾರೆ, ನಲ್ಲಿ ನೀರು ಯಾವಾಗ ಬಿಡುತ್ತಾರೆ, ಎಲ್ಲಾ ಮಾತೂ ಅಲ್ಲೇ. ಜಗಳ ಆಡಿದವರನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಹಿರಿಯರು ರಾಜಿ ಮಾಡುವುದೂ ಅಲ್ಲೇ. ಕೈಯಲ್ಲಿ ಕಾಸಿಲ್ಲದಿದ್ದರೆ ಸಾಲದ ಪುಸ್ತಕದಲ್ಲಿ ಬರೆಸಿ ಕುಡಿಯಬಹುದು. ಎದ್ದು ಹೋಗಿ ಅಂತ ಯಾರೂ ಅನ್ನುವುದಿಲ್ಲ. ಇದೇ ಹೋಟ್ಲಿನ ದೊಡ್ಡ ಗುಣ. ಮನೆಯಲ್ಲಿ ಕೆಲಸ ಇರುತ್ತೆ, ದೇವಸ್ಥಾನದಲ್ಲಿ ಮಡಿ ಇರುತ್ತೆ, ಆಫೀಸಿನಲ್ಲಿ ಕೈಕಟ್ಟಿ ನಿಲ್ಲಬೇಕು. ಹೋಟ್ಲಿನಲ್ಲಿ ಸುಮ್ಮನೆ ಕೂತಿದ್ದರೂ ನಡೆಯುತ್ತೆ.

ಬೇರೆ ದೇಶದಲ್ಲೂ ಹೀಗೆಯೇ ಇತ್ತಂತೆ. ಲಂಡನ್ ನಗರದಲ್ಲಿ ಮೊದಲ ಕಾಫಿ ಮನೆ 1652ರಲ್ಲಿ ಶುರುವಾಯಿತು. ಒಂದು ಪೆನ್ನಿ ಕೊಟ್ಟರೆ ಕಾಫಿಯ ಜೊತೆಗೆ ಊರ ಸುದ್ದಿಯೂ ಸಿಗುತ್ತಿತ್ತು. ಅದಕ್ಕೆ ಜನ ಅದನ್ನು ಪೆನ್ನಿ ವಿಶ್ವವಿದ್ಯಾನಿಲಯ ಎಂದು ಕರೆಯುತ್ತಿದ್ದರು. ನಮ್ಮ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ಒಂದು ಹೋಟೆಲಿಗೆ ವಿದ್ಯಾರ್ಥಿ ಭವನ ಎಂದೇ ಹೆಸರು. ವಿದ್ಯಾರ್ಥಿಗಳು ಬಂದು ತಿನ್ನುತ್ತಿದ್ದರಿಂದ ಆ ಹೆಸರು. ಅಂದರೆ ಹೋಟ್ಲಿಗೆ ಹೆಸರು ಬರುವುದು ಒಳಗೆ ಬಂದು ಕೂತವರಿಂದ.

ಹಾಗಾದರೆ ನಮ್ಮೂರ ಕಡೆಯ ಹೋಟ್ಲಿನಲ್ಲಿ ಕೂತವರು ಯಾರು? ನಾನು ಗಮನಿಸಿದ ಆ ಒಂದು ವಾರದಲ್ಲಿ ಬೆಂಚಿನ ಮೇಲೆ ಒಬ್ಬ ಹೆಂಗಸನ್ನೂ ನೋಡಲಿಲ್ಲ. ಹೆಂಗಸರು ಕಾಫಿ ಕುಡಿಯಲ್ಲ ಅಂತಲ್ಲ. ಬೆಳಿಗ್ಗೆ ಬಸ್ಸಿಗೆ ಕಾಯುವ ನಮ್ಮ ಅವ್ವಂದಿರು, ಅಕ್ಕಂದಿರು ಹೋಟ್ಲಿನ ಹೊರಗೆ ರಸ್ತೆ ಪಕ್ಕ ಬಿಸಿಲಲ್ಲಿ ನಿಂತಿರುತ್ತಾರೆ. ಒಳಗೆ ಬೆಂಚು ಖಾಲಿ ಇದ್ದರೂ ನಿಂತೇ ಇರುತ್ತಾರೆ. ಕಾಫಿ ಬೇಕೆಂದರೆ ಮಗನನ್ನೋ ತಮ್ಮನನ್ನೋ ಕಳಿಸಿ ಪಾರ್ಸಲ್ ತರಿಸುತ್ತಾರೆ. ನಮ್ಮ ಅವ್ವ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾರೆ. ದಿನವೆಲ್ಲಾ ನಿಂತು ಕೆಲಸ ಮಾಡಿ ಸಂಜೆ ಇಳಿದಾಗ ಕಾಲು ಊದಿರುತ್ತೆ. "ಒಸಿ ಹೊತ್ತು ಕುಂತ್ಕಂಡು ಒಂದು ಕಾಫಿ ಕುಡ್ಕಂಡು ಬರಬಾರ್ದಾ ಅವ್ವ?" ಅಂತ ನಾನು ಕೇಳಿದರೆ, "ಹೆಣ್ಮಕ್ಳು ಹೋಟ್ಲಲ್ಲಿ ಕುಂತ್ಕಂಡ್ರೆ ನೋಡ್ದೋರು ಏನಂದಾರು ಮಗ?" ಅಂತ ನಗುತ್ತಾರೆ.

ಕಾಫಿ ಸಿಗದಿದ್ದರೆ ಅಂಥ ನಷ್ಟವೇನಿಲ್ಲ, ಮನೆಗೆ ಬಂದು ಕುಡಿಯಬಹುದು. ಆದರೆ ನಾನು ಮೇಲೆ ಬರೆದೆನಲ್ಲ, ಬೆಂಚಿನಲ್ಲಿ ಸುದ್ದಿ ಸಿಗುತ್ತೆ, ಕೆಲಸ ಸಿಗುತ್ತೆ ಅಂತ, ಅವೆಲ್ಲಾ ಅವರಿಗೆ ಸಿಗುವುದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಒಂಟಿಯಾಗಿದ್ದಾರೆ. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡಲು ಕೊನೆಯ ದಿನ ಯಾವುದು ಎಂದು ಹೋಟ್ಲಿನಲ್ಲಿ ಕೂತವರಿಗೆಲ್ಲಾ ಮೊದಲೇ ಗೊತ್ತಿತ್ತು. ಅಜ್ಜಿ ಮನೆಯಲ್ಲಿ ಹೋಟ್ಲಿಗೆ ಹೋಗುವವರು ಯಾರೂ ಇಲ್ಲ. ಅವರಿಗೆ ಗೊತ್ತಾಗುವಷ್ಟರಲ್ಲಿ ದಿನ ಮುಗಿದಿತ್ತು. ಆಮೇಲೆ ಎರಡು ಮೂರು ಸಲ ಅಲೆದಾಡಿದರು. ಇದಕ್ಕೆ ಯಾರನ್ನೂ ಬೈಯಲು ನಾನು ಬರೆಯುತ್ತಿಲ್ಲ. ಬೇಕೂಂತ ಯಾರೂ ಮುಚ್ಚಿಡಲಿಲ್ಲ. ಸುದ್ದಿ ಬೆಂಚಿನಲ್ಲಿತ್ತು, ಅಜ್ಜಿ ಬೆಂಚಿನಲ್ಲಿ ಇರಲಿಲ್ಲ, ಅಷ್ಟೇ.

ಬೆಂಚಿನ ವಿಷಯ ಚಿಕ್ಕದು ಅಂತ ನಗಬೇಡಿ. ನಮ್ಮ ತಾತ ಹೇಳುತ್ತಾರೆ, ಅವರು ಚಿಕ್ಕವರಾಗಿದ್ದಾಗ ಎಷ್ಟೋ ಹಳ್ಳಿಯ ಹೋಟ್ಲುಗಳಲ್ಲಿ ಎರಡು ಥರದ ಲೋಟ ಇರುತ್ತಿದ್ದವಂತೆ. ಕೆಲವು ಜಾತಿಯವರಿಗೆ ಒಳಗಿನ ಲೋಟ, ಕೆಲವು ಜಾತಿಯವರಿಗೆ ಹೊರಗೆ ಇಟ್ಟ ಲೋಟ. ಹೊರಗಿನ ಲೋಟದವರು ನೆಲದಲ್ಲಿ ಕೂತು ಕುಡಿದು, ತಾವೇ ತೊಳೆದು ಇಡಬೇಕಿತ್ತಂತೆ. ಕಾಸು ಮಾತ್ರ ಇಬ್ಬರಿಗೂ ಒಂದೇ! ಇದು ಅನ್ಯಾಯ ಅಲ್ಲವೇ? ಡಾ. ಬಿ.ಆರ್. ಅಂಬೇಡ್ಕರ್ ಅವರು 1927ರಲ್ಲಿ ಮಹಾಡ್ ಎಂಬ ಊರಿನಲ್ಲಿ ಸಾವಿರಾರು ಜನರ ಜೊತೆ ಹೋಗಿ ಕೆರೆಯ ನೀರು ಕುಡಿದರು. ಆ ನೀರು ಎಲ್ಲರದು ಎಂದು ತೋರಿಸಲು ಕುಡಿದರು. ಹೋಟ್ಲಿನ ಲೋಟದ ವಿಷಯವೂ ಅಂಥದ್ದೇ.

ಅದಕ್ಕೇ 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದಲ್ಲಿ ಹೋಟೆಲಿನ ಹೆಸರನ್ನೂ ಬರೆದಿದ್ದಾರೆ. ನನಗೆ ಇದು ಗೊತ್ತಾದಾಗ ಬಹಳ ಆಶ್ಚರ್ಯವಾಯಿತು. ಅಷ್ಟು ದೊಡ್ಡ ಪುಸ್ತಕದಲ್ಲಿ ಹೋಟೆಲ್, ಅಂಗಡಿ, ಬಾವಿ, ಕೆರೆ, ರಸ್ತೆ ಎಲ್ಲಾ ಇದೆ! 15ನೇ ವಿಧಿಯಲ್ಲಿ, ಅಂಗಡಿ ಹೋಟೆಲುಗಳಿಗೆ ಹೋಗಲು ಯಾರಿಗೂ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಅಡ್ಡಿ ಮಾಡಬಾರದು ಎಂದಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಅದನ್ನು ಆಚರಿಸಿದವರಿಗೆ ಶಿಕ್ಷೆ ಕೊಡಲು 1955ರಲ್ಲಿ ಕಾನೂನು ಬಂತು. 15ನೇ ವಿಧಿಯನ್ನು ಇನ್ನೊಂದು ಸಲ ಓದಿ. ಜಾತಿಯ ಪಕ್ಕದಲ್ಲೇ ಲಿಂಗ ಅಂತಲೂ ಇದೆ. ಲೋಟ ಒಂದೇ ಆಗಬೇಕು ಎಂದು ಹೇಳಿದ ವಾಕ್ಯವೇ ಬೆಂಚೂ ಒಂದೇ ಆಗಬೇಕು ಎಂದು ಹೇಳುತ್ತದೆ.

ನನ್ನ ಮಾತಿಗೆ ಕೆಲವರು ಉತ್ತರ ಕೊಟ್ಟರು. ಅದನ್ನೂ ಬರೆಯುತ್ತೇನೆ. "ಯಾರ್ ಬ್ಯಾಡ ಅಂದವ್ರೆ? ಬಂದು ಕುಂತ್ಕಳ್ಲಿ, ನಮಗೂ ಯಾಪಾರ ಆಯ್ತದೆ" ಎಂದರು ಹೋಟ್ಲು ನಡೆಸುವ ಒಬ್ಬರು. ನಿಜ, ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಆದರೆ ಬೆಂಚಿನ ತುಂಬಾ ಗಂಡಸರು ಕಾಲು ಚಾಚಿ ಕೂತು, ಬೀಡಿ ಹೊಗೆ ಬಿಡುತ್ತಾ, ಒಳಗೆ ಬಂದವರನ್ನು ಮೇಲಿಂದ ಕೆಳಗೆ ನೋಡಿದರೆ ಯಾರು ಕೂರುತ್ತಾರೆ? ನೋಟವೂ ಒಂದು ಬಾಗಿಲೇ. ಹೋಟೆಲಿನಂಥ ಸಾರ್ವಜನಿಕ ಜಾಗದಲ್ಲಿ ಧೂಮಪಾನ ಮಾಡಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ದೇಶಕ್ಕೆಲ್ಲಾ ಇದೆ. ಆ ನಿಯಮ ಪಾಲಿಸಿದರೂ ಅರ್ಧ ತೊಂದರೆ ಕಡಿಮೆ ಆಗುತ್ತೆ.

ಇನ್ನು ಕೆಲವರು, "ಹೆಂಗಸರಿಗೆ ಮನೆ ಜಗುಲಿ ಇಲ್ವಾ, ಅಲ್ಲಿ ಮಾತಾಡಲಿ" ಅಂದರು. ಜಗುಲಿ ಇದೆ. ಆದರೆ ಜಗುಲಿಗೆ ಪೇಪರ್ ಬರಲ್ಲ, ಕೆಲಸಕ್ಕೆ ಆಳು ಕೇಳುವವರು ಬರಲ್ಲ, ಪಂಚಾಯ್ತಿ ಸುದ್ದಿ ಬರಲ್ಲ. ಜೊತೆಗೆ ಜಗುಲಿಯಲ್ಲಿ ಕೂತರೂ ಕೈಯಲ್ಲಿ ಅಕ್ಕಿ ಮೊರ ಇರುತ್ತೆ. ಕೆಲಸವಿಲ್ಲದೆ ಸುಮ್ಮನೆ ಕೂರುವುದು ಗಂಡಸರಿಗೆ ಮಾತ್ರ ಬೇಕಾ?

"ಕಾಲ ಬದಲಾಗಬೇಕು, ತಾನಾಗೇ ಆಗುತ್ತೆ" ಅಂದರು ಇನ್ನೊಬ್ಬರು. ತಾನಾಗೇ ಆಗಲ್ಲ ಎಂದು ನನ್ನ ಅನಿಸಿಕೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯ ಅರ್ಧ ಸೀಟು ಹೆಂಗಸರಿಗೆ ಎಂದು ಕಾನೂನು ಮಾಡಿದ್ದರಿಂದ ಅವರು ಅಲ್ಲಿ ಕೂರುತ್ತಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಕಾಸಿಲ್ಲದೆ ಹೋಗುತ್ತಿದ್ದಾರೆ. 2024ರಲ್ಲಿ ಸರ್ಕಾರ ಅಕ್ಕ ಕೆಫೆ ಎಂದು ಶುರು ಮಾಡಿತು, ಅದನ್ನು ಸ್ವಸಹಾಯ ಸಂಘದ ಹೆಂಗಸರೇ ನಡೆಸುತ್ತಾರೆ. ಪಂಚಾಯ್ತಿಯಲ್ಲಿ ಸೀಟು ಉಂಟು, ಬಸ್ಸಲ್ಲಿ ಸೀಟು ಉಂಟು, ಊರ ಹೋಟ್ಲಲ್ಲಿ ಮಾತ್ರ ಇಲ್ಲ ಅಂದರೆ ಹೇಗೆ? ಕೊಡಗಿನ ತೋಟಗಳಲ್ಲಿ ಕಾಫಿ ಹಣ್ಣು ಕುಯ್ಯುವವರಲ್ಲಿ ಬಹಳ ಜನ ಹೆಂಗಸರೇ. ಕುಯ್ಯುವ ಕೈಗೆ ಕುಡಿಯುವ ಜಾಗ ಬೇಡವೇ?

ನಾನು ಕೇಳುವುದು ದೊಡ್ಡದಲ್ಲ. ಬಾಗಿಲ ಹತ್ತಿರದ ಒಂದು ಬೆಂಚನ್ನು ಬೆಳಿಗ್ಗೆ ಮತ್ತು ಸಂಜೆ ಬಸ್ಸಿನ ಹೊತ್ತಿನಲ್ಲಿ ಹೆಂಗಸರಿಗೆ ಬಿಟ್ಟುಕೊಡಲಿ. ಒಳಗೆ ಬೀಡಿ ಸಿಗರೇಟು ನಿಲ್ಲಲಿ. ಎಲ್ಲರಿಗೂ ಒಂದೇ ಥರದ ಲೋಟ ಇರಲಿ. ಪಂಚಾಯ್ತಿ ಸುದ್ದಿಯನ್ನು ಹೋಟ್ಲಿನ ಹೊರಗೋಡೆಯ ಮೇಲೆ ಒಂದು ಹಲಗೆಯಲ್ಲಿ ಬರೆಯಲಿ. ಬೇಕಾದರೆ ನಾವು ಏಳನೇ ಕ್ಲಾಸಿನವರು ದಿನಾ ಸಂಜೆ ಹೋಗಿ ದುಂಡಾಗಿ ಬರೆದು ಕೊಡುತ್ತೇವೆ, ಸೀಮೆಸುಣ್ಣ ಮಾತ್ರ ಅವರು ಕೊಡಲಿ. ಕೂರುವವರು ಹೆಚ್ಚಾದರೆ ಹೋಟ್ಲಿನವರಿಗೆ ವ್ಯಾಪಾರವೂ ಹೆಚ್ಚು.

ಗಂಡುಹುಡುಗರಲ್ಲಿ ಒಂದು ಮಾತು. ನೀವು ಅಪ್ಪನ ಜೊತೆ ಹೋಟ್ಲಿಗೆ ಹೋಗಿ ಬನ್ನು ತಿನ್ನುವಾಗ ಹೊರಗೆ ಯಾರಾದರೂ ಅಜ್ಜಿ ನಿಂತಿದ್ದರೆ ಎದ್ದು, "ಬನ್ನಿ ಅಜ್ಜಿ, ಕುಂತ್ಕಳಿ" ಅಂತ ಜಾಗ ಬಿಡಿ. ಮೊದಲ ದಿನ ಅಜ್ಜಿ ಬರದೇ ಇರಬಹುದು. ಮಾರನೇ ದಿನವೂ ಕರೆಯಿರಿ. ಗೆಳತಿಯರೇ, ನೀವು ನಿಮ್ಮ ಅವ್ವನನ್ನು ಕೈಹಿಡಿದು ಕರೆದುಕೊಂಡು ಹೋಗಿ. ಇಬ್ಬರು ಮೂವರು ಅವ್ವಂದಿರು ಒಟ್ಟಿಗೆ ಹೋದರೆ ಯಾರೂ ಏನೂ ಅನ್ನಲ್ಲ. "ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ" ಎಂದು ಎಷ್ಟೋ ಶಾಲೆಗಳ ಗೋಡೆಯ ಮೇಲೆ ಬರೆದಿರುತ್ತಾರೆ. ಓದು ಕಲಿತ ಹೆಣ್ಣುಮಕ್ಕಳು ಹೋಟ್ಲಿನ ಬೆಂಚಿನಲ್ಲಿ ಕೂತು ಪೇಪರನ್ನು ಜೋರಾಗಿ ಓದುವಂತಾಗಲಿ. ಆಗ ಅದು ನಿಜವಾಗಿ ಎಲ್ಲರಿಗೂ ಇಷ್ಟವಾದ ಜಾಗ ಅಂತ ನಾನೂ ಒಪ್ಪುತ್ತೇನೆ.

ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆದು ಕೊಡಿ. ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಇಂತಿ,
ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ
ತಾಂಡವಪುರ