ಲಾಗಿನ್ ಆದಮೇಲೇನು?

ಜಾಲತಾಣ ಮಾಡಿಸುವ ಹೊರನಾಡ ಸಂಘಗಳವರು ನನ್ನನ್ನು ಕೇಳುವುದು ಒಂದೇ: ‘ಲಾಗಿನ್ ಭದ್ರವಾಗಿದೆಯಾ?’ ಲಾಗಿನ್ ಹೇಳುವುದು ಬಂದವರು ಯಾರು ಎಂದಷ್ಟೇ. ಅವರು ಏನೇನು ನೋಡಬಹುದು ಎಂಬುದು ಬೇರೆಯೇ ಪ್ರಶ್ನೆ.

ಈಚೆಗೆ ಪರಿಶೀಲಿಸಿದ ಒಂದು ತಾಣದಲ್ಲಿ ಓಟಿಪಿ ಎಲ್ಲ ಸರಿಯಾಗಿತ್ತು. ಆದರೆ ಯುಆರ್‌ಎಲ್‌ನಲ್ಲಿ ರಸೀದಿ ಸಂಖ್ಯೆ 41 ಇದ್ದದ್ದನ್ನು 42 ಮಾಡಿದರೆ ಇನ್ನೊಬ್ಬರ ಫೋನ್ ನಂಬರು, ಮನೆ ವಿಳಾಸ, ಕೊಟ್ಟ ದೇಣಿಗೆ ಎಲ್ಲವೂ ತೆರೆದುಕೊಳ್ಳುತ್ತಿತ್ತು. ಓವಾಸ್ಪ್ ಸಂಸ್ಥೆಯ 2021ರ ಪಟ್ಟಿಯಲ್ಲಿ ಮೊದಲ ಸ್ಥಾನ ಇಂಥ ಲೋಪಕ್ಕೇ. ಪರದೆಯ ಮೇಲಿನ ಬಟನ್ ಮರೆಮಾಡಿದರೆ ಸಾಲದು. ಪ್ರತಿ ಸಲವೂ ‘ಈ ರಸೀದಿ ಇವರದೇನಾ?’ ಎಂದು ಸರ್ವರೇ ನೋಡಬೇಕು. ಡೇಟಾಬೇಸಿನಿಂದ ರಸೀದಿ ತೆಗೆಯುವಾಗಲೇ ಸದಸ್ಯ ಸಂಖ್ಯೆಯನ್ನೂ ಹೊಂದಿಸಿಬಿಟ್ಟರೆ ಅದಕ್ಕೆಂದು ಹೆಚ್ಚು ಸಮಯವೂ ಹಿಡಿಯದು.

ಸಹಿ ಹಾಕಿ ಕೊಡುವ ಜೆಡಬ್ಲ್ಯುಟಿ ಟೋಕನ್ ಬಲು ವೇಗ ಎನ್ನುತ್ತಾರೆ. ನಿಜ, ಡೇಟಾಬೇಸ್ ಮುಟ್ಟಬೇಕಿಲ್ಲ. ಆದರೆ ಟೋಕನ್‌ನಲ್ಲೇ ಹುದ್ದೆ ಬರೆದಿಟ್ಟರೆ, ಚುನಾವಣೆ ಮುಗಿದರೂ ಅದರ ಅವಧಿ ತೀರುವತನಕ ಹಳೆಯ ಖಜಾಂಚಿಯೇ ಖಜಾಂಚಿ! 500 ಸದಸ್ಯರ ಸಂಘಕ್ಕೆ ಸರ್ವರಿನಲ್ಲಿಡುವ ಸೆಶನ್ ಧಾರಾಳ ಸಾಕು. ಅದನ್ನು ಅಳಿಸಿದ ಕ್ಷಣವೇ ಪ್ರವೇಶ ಬಂದ್. ಟೋಕನ್ನೇ ಬೇಕೆಂದರೆ 15 ನಿಮಿಷಕ್ಕಿಂತ ಹೆಚ್ಚು ಆಯುಸ್ಸು ಕೊಡಬೇಡಿ.